ಈ ಚಹಾ ಎಲ್ಲಿ ಮಲಗಿತ್ತು?

ಗುವಾಂಗ್‌ಝೌ ನಗರದ ಫಾಂಗ್‌ಚುನ್ ಚಹಾ ಪೇಟೆಯಲ್ಲಿ ಚಹಾ ಕುಡಿಯುವವರಿಗಿಂತ ರಟ್ಟಿನ ಪೆಟ್ಟಿಗೆ ಸಾಗಿಸುವವರೇ ಹೆಚ್ಚು ಕಣ್ಣಿಗೆ ಬೀಳುತ್ತಾರೆ. ಕೈಗಾಡಿಯಲ್ಲಿ ಎದೆಮಟ್ಟ ಪೆಟ್ಟಿಗೆ ಪೇರಿಸಿಕೊಂಡು ಓಣಿಯಿಂದ ಓಣಿಗೆ ತಳ್ಳಿಕೊಂಡು ಹೋಗುತ್ತಿರುತ್ತಾರೆ. ಅಂಗಡಿಯೊಳಗೆ ಕೂತವರು ಒಂದು ಕೈಯಲ್ಲಿ ಚಹಾ ಬಗ್ಗಿಸುತ್ತ ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ದಿನದ ದರ ನೋಡುತ್ತಿರುತ್ತಾರೆ. ಯಾವ ಕಾರ್ಖಾನೆಯ ಯಾವ ವರ್ಷದ ಸರಕು ಬೆಳಿಗ್ಗೆಗಿಂತ ಏರಿತು, ಯಾವುದು ಇಳಿಯಿತು ಎಂಬುದೇ ಮಾತು. ಪೆಟ್ಟಿಗೆಯ ಮೇಲಿನ ಪಟ್ಟಿ ಕಿತ್ತಿರಬಾರದು. ಪೆಟ್ಟಿಗೆ ಒಡೆದಿದ್ದರೆ ಒಳಗಿನ ಬಿಲ್ಲೆಗಳಿಗೆ ಬಿಡಿಬಿಡಿಯಾಗಿ ಸಿಗುವ ದರ ಕಡಿಮೆ. ಚಹಾ ಅದೇ, ವರ್ಷವೂ ಅದೇ. ಯಾರೋ ಒಬ್ಬರು ಕುಡಿಯುವ ಮನಸ್ಸು ಮಾಡಿ ತೆರೆದರು, ಅಷ್ಟೇ ಅದರ ತಪ್ಪು.

“ಹಂಗಾರ ಇದನ್ನ ಕುಡಿಯೋರು ಯಾರ್ ಸರ?” ಎಂದರು ಜೊತೆಗಿದ್ದ ಹುಬ್ಬಳ್ಳಿಯ ಗೆಳೆಯರು. ಫೋಶಾನ್‌ನಿಂದ ನಲ್ಲಿ, ಷವರು, ಬಾಗಿಲ ಹಿಡಿಕೆಗಳನ್ನು ತರಿಸಿ ಊರಲ್ಲಿ ಮಾರುವ ವ್ಯಾಪಾರ ಅವರದು. ವರ್ಷದ ಬಹುಪಾಲು ಗುವಾಂಗ್‌ಝೌದಲ್ಲೇ ಇರುತ್ತಾರೆ. ಅಲ್ಲಿಯ ಭಾಷೆಯಲ್ಲಿ ಚೌಕಾಸಿ ಮಾಡಬಲ್ಲರು, ಜಗಳ ಆಡಬಲ್ಲರು. ಆದರೆ ಚಹಾ ಅಂದರೆ ಅವರಿಗೆ ಈಗಲೂ ಹಾಲು, ಸಕ್ಕರೆ, ಜಜ್ಜಿದ ಶುಂಠಿ. ನನಗೋ ಹಳೆಯ ಪು-ಅರ್ ಚಹಾದ ಹುಚ್ಚು. ನನಗೆ ದುಭಾಷಿ ಬೇಕಿತ್ತು, ಅವರಿಗೆ ಯುನ್ನಾನ್ ನೋಡಬೇಕಿತ್ತು. ಜೋಡಿ ಕೂಡಿಬಂತು.

ಪು-ಅರ್ ಚಹಾ ಬೆಳೆಯುವುದು ಚೀನಾದ ನೈರುತ್ಯದ ಯುನ್ನಾನ್ ಪ್ರಾಂತ್ಯದಲ್ಲಿ, ಬರ್ಮಾ, ಲಾವೋಸ್, ವಿಯೆಟ್ನಾಂಗಳ ಗಡಿಗೆ ತಾಗಿಕೊಂಡ ಬೆಟ್ಟಗಳಲ್ಲಿ. ಗಿಡದ ಜಾತಿ ನಮಗೆ ಅಪರಿಚಿತವೇನಲ್ಲ. ಅಸ್ಸಾಮಿನ ತೋಟಗಳಲ್ಲಿರುವ ಅದೇ ದೊಡ್ಡೆಲೆಯ ತಳಿ. ಅಸ್ಸಾಮಿನಲ್ಲಿ ಅದು ಯಂತ್ರಕ್ಕೆ ಬಿದ್ದು ಕಾಳಾಗಿ ನಮ್ಮ ಗೂಡಂಗಡಿಯ ಕೇಟಲಿಗೆ ಬರುತ್ತದೆ. ಯುನ್ನಾನಿನಲ್ಲಿ ಎಲೆಯನ್ನು ಬಾಡಿಸಿ, ದೊಡ್ಡ ಬಾಣಲೆಯಲ್ಲಿ ಹದವಾಗಿ ಹುರಿದು, ಹೊಸೆದು, ಬಿಸಿಲಿಗೆ ಹರವಿ ಒಣಗಿಸುತ್ತಾರೆ. ಆಮೇಲೆ ಹಬೆಗೆ ಹಿಡಿದು ಒತ್ತಿ ದುಂಡನೆಯ ಬಿಲ್ಲೆ ಮಾಡುತ್ತಾರೆ. ಒಂದು ಬಿಲ್ಲೆ 357 ಗ್ರಾಂ. ಏಳು ಬಿಲ್ಲೆ ಸೇರಿಸಿ ಬಿದಿರಿನ ಪೊರೆಯಲ್ಲಿ ಕಟ್ಟಿದರೆ ಎರಡೂವರೆ ಕೆ.ಜಿ.ಗೆ ಒಂದು ಗ್ರಾಂ ಕಡಿಮೆ. ಹುರಿಯುವಾಗಲೂ ಒಣಗಿಸುವಾಗಲೂ ಶಾಖ ಅತಿಯಾಗದ ಕಾರಣ ಈ ಎಲೆ ಬಿಲ್ಲೆಯಾದ ಮೇಲೂ ನಿಧಾನಕ್ಕೆ ಬದಲಾಗುತ್ತಲೇ ಹೋಗುತ್ತದೆ. ಹೊಸದರಲ್ಲಿ ಕಹಿ, ಒಗರು ಎರಡೂ ಜೋರು. ಗಾಳಿ, ತೇವ, ಸೂಕ್ಷ್ಮಜೀವಿಗಳು ಸೇರಿ ವರ್ಷಗಟ್ಟಲೆ ಕೆಲಸ ಮಾಡಿದರೆ ಬಣ್ಣ ಹೊಂಬಣ್ಣದಿಂದ ಕೆಂಪಿಗೆ ತಿರುಗುತ್ತದೆ, ಒಗರು ಕರಗುತ್ತದೆ. ಇದು ಹಸಿ ಪು-ಅರ್.

ಹಾಂಗ್‌ಕಾಂಗಿನವರಿಗೆ ಈ ಮಾಗಿದ ರುಚಿ ಬೇಕಿತ್ತು. ಬೆಳಗಿನ ಡಿಮ್ ಸಮ್ ಜೊತೆ ಅವರು ಕುಡಿಯುವ ಕಪ್ಪು ಚಹಾ ಇದೇ. ಕಾಯಲು ಮಾತ್ರ ಎಲ್ಲರಿಗೂ ಪುರುಸೊತ್ತಿರಲಿಲ್ಲ. 1973ರ ಹೊತ್ತಿಗೆ ಕುನ್ಮಿಂಗ್ ಚಹಾ ಕಾರ್ಖಾನೆಯವರು ಗುವಾಂಗ್‌ಡಾಂಗ್‌ನಲ್ಲಿ ನಡೆಯುತ್ತಿದ್ದ ಪ್ರಯೋಗಗಳನ್ನು ನೋಡಿಬಂದು, ಎಲೆಯನ್ನು ರಾಶಿ ಹಾಕಿ ನೀರು ಚಿಮುಕಿಸಿ ಹುದುಗಿಸುವ ಕ್ರಮವನ್ನು ಕುದುರಿಸಿದರು. ಹದಿನೈದು ಇಪ್ಪತ್ತು ವರ್ಷದ ಕೆಲಸ ಒಂದೂವರೆ ತಿಂಗಳಿಗೆ ಇಳಿಯಿತು. ಇದು ಮಾಗಿಸಿದ ಪು-ಅರ್. ಹಸಿಯದರ ಅಭಿಮಾನಿಗಳು ಇದನ್ನು ಅಗ್ಗದ ನಕಲೆಂದು ಮೂಗು ಮುರಿಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಚೆನ್ನಾಗಿ ಮಾಗಿಸಿದ್ದು ಹಾಲಿಲ್ಲದೆಯೂ ದಪ್ಪಗೆ, ಹೊಟ್ಟೆಗೆ ಹಿತವಾಗಿ ಇಳಿಯುತ್ತದೆ. ಬೆಲೆ ನೋಡಿದರೆ ಇದಕ್ಕಿಂತ ಲಾಭದ ಚಹಾ ಇನ್ನೊಂದಿಲ್ಲ.

ಕುನ್ಮಿಂಗ್‌ನಿಂದ ದಕ್ಷಿಣಕ್ಕೆ ರೈಲು. ಲಾವೋಸಿನವರೆಗೆ ಹೋಗುವ ಈ ಮಾರ್ಗ ಶುರುವಾದದ್ದು 2021ರ ಡಿಸೆಂಬರಿನಲ್ಲಿ. ಸುರಂಗಗಳದೇ ಸಾಲು. ಕತ್ತಲೆ ಕಳೆದು ಒಂದು ಕಣಿವೆ ಕಾಣುವಷ್ಟರಲ್ಲಿ ಮತ್ತೆ ಕತ್ತಲೆ. ಹಿಂದೆ ಹೇಸರಗತ್ತೆಗಳು ಚಹಾ ಹೊತ್ತು ವಾರಗಟ್ಟಲೆ ತುಳಿದ ಬೆಟ್ಟಗಳನ್ನು ರೈಲು ಮೂರೂವರೆ ಗಂಟೆಯಲ್ಲಿ ಕೊರೆದುಕೊಂಡು ಹೋಗುತ್ತದೆ. ಇಳಿದದ್ದು ಸಿಶುವಾಂಗ್‌ಬನ್ನಾದ ಜಿಂಗ್‌ಹೊಂಗ್‌ನಲ್ಲಿ. ಊರ ನಡುವೆ ಹರಿಯುವ ಲಾನ್‌ಸಾಂಗ್ ನದಿಯೇ ಗಡಿ ದಾಟಿದ ಮೇಲೆ ಮೆಕಾಂಗ್. ಬಾಳೆ, ಹಲಸು, ತೆಂಗು, ಥೇರವಾದ ಬೌದ್ಧರ ಗುಡಿಗಳು. ಚೀನಾದಲ್ಲಿದ್ದೇನೆ ಎಂಬುದು ಮರೆತುಹೋಗುವ ಊರು. ಅಲ್ಲಿಂದ ಪಶ್ಚಿಮಕ್ಕೆ ಬೆಟ್ಟ ಹತ್ತಿದರೆ ಮೆಂಗ್‌ಹಾಯ್. ಪು-ಅರ್ ಲೋಕದಲ್ಲಿ ಅತಿ ಹೆಚ್ಚು ಕೇಳಿಬರುವ ಹೆಸರು ಅಲ್ಲಿನ ಕಾರ್ಖಾನೆಯದೇ.

ನಾವು ಹೋದದ್ದು ದೊಡ್ಡ ಕಾರ್ಖಾನೆಗಲ್ಲ, ಒಂದು ಕುಟುಂಬದ ಹುದುಗುಮನೆಗೆ. ಬಾಗಿಲಲ್ಲಿ ಚಪ್ಪಲಿ ಬಿಡಿಸಿ ಬೇರೆ ಬೂಟು ಕೊಟ್ಟರು. ಒಳಗೆ ಸಿಮೆಂಟು ನೆಲದ ಮೇಲೆ ಸೊಂಟದೆತ್ತರದ ಎಲೆಯ ರಾಶಿ, ಅದರ ಮೇಲೆ ಒದ್ದೆ ಗೋಣಿಬಟ್ಟೆ, ನಡುವೆ ನೆಟ್ಟ ಉದ್ದನೆಯ ಥರ್ಮಾಮೀಟರು. ಮುಳ್ಳು 58 ಡಿಗ್ರಿ ತೋರಿಸುತ್ತಿತ್ತು. ಯಜಮಾನ ಬಟ್ಟೆ ಸರಿಸಿ, ಕೈ ಹಾಕಿ ನೋಡು ಎಂದು ಸನ್ನೆ ಮಾಡಿದ. ಮೊಣಕೈವರೆಗೆ ಹಾಕಿದವನು ತಕ್ಷಣ ಎಳೆದುಕೊಂಡೆ. ಒಳಗಿಂದ ಎದ್ದ ಹಬೆಗೆ ಹುಳಿ, ಮಣ್ಣು, ಬೇಯಿಸಿದ ಬೀಟ್‌ರೂಟು ಎಲ್ಲ ಸೇರಿದ ಘಾಟು. ಎರಡು ಬೆರಳಲ್ಲಿ ಎಲೆಯೊಂದನ್ನು ಎತ್ತಿ ಬಿಡಿಸಿದ. ಅಂಚು ಕಪ್ಪು, ನಡುವೆ ಇನ್ನೂ ಹಸಿರುಗೆಂಪು. ಶಾಖ 65 ದಾಟಿದರೆ ಎಲೆ ಸುಟ್ಟು ಇದ್ದಿಲಾಗುತ್ತದೆ, ತೀರ ಇಳಿದರೆ ಹುಳಿ ತಿರುಗುತ್ತದೆ. ಹಾಗಾಗಿ ವಾರಕ್ಕೊಮ್ಮೆಯಾದರೂ ರಾಶಿಯನ್ನು ಬುಡಮೇಲು ಮಾಡಬೇಕು. ಈ ರಾಶಿಯ ವಾಸನೆ ಹೊಸ ಬಿಲ್ಲೆಯಲ್ಲಿ ಒಂದೆರಡು ವರ್ಷ ಉಳಿದಿರುತ್ತದೆ. ಮಾಗಿಸಿದ ಚಹಾ ಕೊಳ್ಳುವಾಗ ಮೂಗಿಗೆ ಮೀನಿನ ವಾಸನೆ ಬಡಿದರೆ ಒಂದೋ ತೀರ ಹೊಸದು, ಇಲ್ಲವೇ ರಾಶಿ ಕೆಟ್ಟಿತ್ತು. ಮೊದಲನೆಯದಕ್ಕೆ ಕಾಯಬಹುದು, ಎರಡನೆಯದಕ್ಕೆ ಮದ್ದಿಲ್ಲ.

ಜಿಂಗ್‌ಮಾಯ್ ಬೆಟ್ಟಕ್ಕೂ ಹೋದೆವು. ಅಲ್ಲಿನ ಹಳೆಯ ಚಹಾ ಕಾಡುಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಬ್ಲಾಂಗ್ ಮತ್ತು ದಾಯ್ ಜನ ದೊಡ್ಡ ಮರಗಳ ನೆರಳಿನಲ್ಲೇ ಚಹಾ ಮರಗಳನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ನಮ್ಮ ಮಲೆನಾಡಿನ ಕಾಫಿ ತೋಟ ಕಂಡವರಿಗೆ ನೆರಳಿನ ಆ ಏರ್ಪಾಡು ಹೊಸದೆನಿಸದು. ಬ್ಲಾಂಗರ ಪೂರ್ವಜ ಪಾ ಆಯ್‌ಲೆಂಗ್ ಸಾಯುವ ಮುಂಚೆ ಯೋಚಿಸಿದನಂತೆ: ದನಕರು ಬಿಟ್ಟುಹೋದರೆ ರೋಗಕ್ಕೆ ಸಾಯುತ್ತವೆ, ಬೆಳ್ಳಿಬಂಗಾರ ಬಿಟ್ಟುಹೋದರೆ ಖರ್ಚಾಗುತ್ತದೆ, ಚಹಾ ಮರ ಬಿಟ್ಟರೆ ಮಕ್ಕಳು ಮೊಮ್ಮಕ್ಕಳು ಉಣ್ಣುತ್ತಾರೆ. ಐತಿಹ್ಯವೇ ಇರಲಿ, ಬೆಟ್ಟದ ಮೇಲೆ ಈಗ ನಿಂತಿರುವ ಹೊಸ ಮನೆಗಳನ್ನು ನೋಡಿದರೆ ಮುದುಕನ ಲೆಕ್ಕ ತಪ್ಪಿಲ್ಲ. ಆದರೆ ಹಳೆಯ ಮರದ ಎಲೆ ಎಂದು ಮಾರಾಟವಾಗುವುದೆಲ್ಲ ಆ ಮರಗಳಲ್ಲಿ ಬೆಳೆದಿದ್ದರೆ ಒಂದೊಂದು ಮರವೂ ತಿಂಗಳಿಗೊಮ್ಮೆ ಬೋಳಾಗಬೇಕಿತ್ತು. ಮರದ ವಯಸ್ಸಿಗೆ ದುಡ್ಡು ಕೊಡುವ ವಿಷಯದಲ್ಲಿ ನಾನು ಜಿಪುಣ. ಮರವನ್ನು ನಾಲಗೆಯಿಂದ ಗುರುತಿಸುವವರು ಇದ್ದಾರಂತೆ. ನಾನು ಅವರಲ್ಲಿ ಒಬ್ಬನಲ್ಲ.

ನಾಲಗೆಗೆ ನಿಜವಾಗಿ ಸಿಗುವ ಸಂಗತಿ ಬೇರೆ. ಅದು ಸಿಕ್ಕಿದ್ದು ವಾಪಸು ಕುನ್ಮಿಂಗ್‌ಗೆ ಬಂದ ಮೇಲೆ, ಚಹಾ ಮಾರುಕಟ್ಟೆಯ ಮೊದಲ ಮಹಡಿಯ ಸಣ್ಣ ಅಂಗಡಿಯೊಂದರಲ್ಲಿ.

ಅಂಗಡಿಯಾಕೆಗೆ ಐವತ್ತರ ಆಸುಪಾಸು. ಗೆಳೆಯರು ಅವರನ್ನು ಚೀನೀ ರೂಢಿಯಂತೆ ‘ಅಕ್ಕ’ ಎಂದೇ ಕರೆದರು. ನಾವು ಹಳೆಯ ಚಹಾ ಕೇಳಿದ್ದಕ್ಕೆ ಆಕೆ ಬೆಲೆ ಹೇಳಲಿಲ್ಲ. ಎರಡು ಬಿಲ್ಲೆ ತಂದು ಮುಂದಿಟ್ಟರು. ಎರಡರ ಕಾಗದದ ಮೇಲೂ 7542. ಮೊದಲ ಎರಡಂಕಿ ಈ ಮಿಶ್ರಣ ರೂಪುಗೊಂಡ 1975ನೇ ಇಸವಿ, ಮೂರನೆಯದು ಎಲೆಯ ದರ್ಜೆ, ಕೊನೆಯ 2 ಮೆಂಗ್‌ಹಾಯ್ ಕಾರ್ಖಾನೆಯ ಗುರುತು. ಕಳೆದ ವರ್ಷ ಒತ್ತಿದ ಬಿಲ್ಲೆಯ ಮೇಲೂ ಇದೇ ಅಂಕಿ ಇರುತ್ತದೆ, ಅದನ್ನು 1975ರ ಚಹಾ ಎಂದು ನಂಬಿಸಿ ಮಾರುವ ಧೈರ್ಯವಂತರೂ ಇದ್ದಾರೆ. ಅಕ್ಕ ತಂದ ಎರಡೂ 601ನೇ ತಂಡದವು, ಎಂದರೆ 2006ರ ಮೊದಲ ತಂಡ. ಎಲೆ ಒಂದೇ, ಕೈ ಒಂದೇ, ವಯಸ್ಸು ಒಂದೇ. ಒಂದು ಅಷ್ಟೂ ವರ್ಷ ಕುನ್ಮಿಂಗ್‌ನಲ್ಲಿತ್ತು. ಇನ್ನೊಂದು ಗುವಾಂಗ್‌ಝೌದಲ್ಲಿದ್ದು ಇತ್ತೀಚೆಗೆ ಮರಳಿ ಬಂದಿತ್ತು.

ಕುನ್ಮಿಂಗ್ ಸಮುದ್ರಮಟ್ಟದಿಂದ 1,900 ಮೀಟರ್‌ಗೆ ಹತ್ತಿರ. ಗಾಳಿ ಒಣ, ತಂಪು. ಗುವಾಂಗ್‌ಝೌದಲ್ಲಿ ವಸಂತ ಬಂದರೆ ಗೋಡೆಗಳೇ ಬೆವರುತ್ತವೆ. ಒಂದು ಊರಿನಲ್ಲಿ ಚಹಾ ತೂಕಡಿಸುತ್ತದೆ, ಇನ್ನೊಂದರಲ್ಲಿ ಓಡುತ್ತದೆ.

ಸಣ್ಣ ತಕ್ಕಡಿಯಲ್ಲಿ ಏಳೇಳು ಗ್ರಾಂ ತೂಗಿ ಎರಡು ಮುಚ್ಚಳದ ಬಟ್ಟಲಿಗೆ ಹಾಕಿದರು. ಕುದಿನೀರು ಹುಯ್ದು ಮೊದಲ ನೀರನ್ನು ಚೆಲ್ಲಿದರು. ಖಾಲಿ ಬಟ್ಟಲಿನ ಮುಚ್ಚಳ ಎತ್ತಿ ನಮ್ಮ ಮೂಗಿಗೆ ಹಿಡಿದರು. ಕುನ್ಮಿಂಗ್‌ದರಲ್ಲಿ ತೆಳುವಾದ ಹೊಗೆ, ಒಣಹುಲ್ಲು. ಗುವಾಂಗ್‌ಝೌದರಲ್ಲಿ ಒಂದು ಎಳೆ ಮುಗ್ಗಲು, ಅದರ ಹಿಂದೆಯೇ ಮರ, ಕರ್ಪೂರ. ಎರಡನೆಯ ನೀರು ಗಾಜಿನ ಹೂಜಿಗೆ ಬಂತು. ಕುನ್ಮಿಂಗ್‌ದು ಕಿತ್ತಳೆ ಬಣ್ಣ, ಗುವಾಂಗ್‌ಝೌದ್ದು ಕೆಂಪುಗಂದು. ಕುನ್ಮಿಂಗ್ ಚಹಾ ನಾಲಗೆಯ ನಡುವೆ ಕಹಿಯಾಗಿ ನಿಂತು, ಅಂಚುಗಳನ್ನು ಒಗರಾಗಿ ಹಿಡಿದು, ಆಮೇಲೆ ಬಿಟ್ಟುಕೊಟ್ಟಿತು. ಬೆಟ್ಟದ ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಬರುತ್ತದಲ್ಲ, ಅಂಥದೇ ಸಿಹಿ ಗಂಟಲಿನ ತಳದಿಂದ ಮೇಲೆ ಬಂತು. ಗುವಾಂಗ್‌ಝೌದ್ದು ಅಷ್ಟು ತಂಟೆ ಮಾಡಲಿಲ್ಲ. ನುಣ್ಣಗೆ ಇಳಿಯಿತು, ಮೈ ಬೆಚ್ಚಗಾಯಿತು, ಮುಗ್ಗಲು ಮೂರನೆಯ ನೀರಿಗೆ ಕಾಣೆಯಾಯಿತು. ಎಂಟನೆಯ ನೀರಿಗೆ ಅದು ತೆಳುವಾಗುತ್ತ ಬಂದರೆ ಕುನ್ಮಿಂಗ್‌ದು ಇನ್ನೂ ತೋಳೇರಿಸಿಕೊಂಡೇ ಇತ್ತು.

ಗುವಾಂಗ್‌ಝೌ ಬಿಲ್ಲೆಗೆ ಆಕೆ ಹೇಳಿದ ಬೆಲೆ ಇನ್ನೊಂದರ ಒಂದೂವರೆಪಟ್ಟು.

“ಒಂದ ಫ್ಯಾಕ್ಟರಿ, ಒಂದ ವರ್ಷ. ಹೆಚ್ಚಿಂದು ಯಾಕ ಕೊಡಬೇಕ್ರಿ?” ಗೆಳೆಯರು ನನ್ನನ್ನೇ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಹೆಚ್ಚಿನ ದುಡ್ಡು ಹೋಗುವುದು ಒಂದು ಕೋಣೆಗೆ. ಯಾರೋ ಇಷ್ಟು ವರ್ಷ ಗುವಾಂಗ್‌ಝೌದ ಬಾಡಿಗೆ ಕಟ್ಟಿ, ಬೆವರುವ ದಿನಗಳಲ್ಲಿ ಕಿಟಕಿ ಮುಚ್ಚಿ, ಒಣ ದಿನಗಳಲ್ಲಿ ತೆರೆದು, ಗೋಡೆಯಿಂದ ದೂರ, ನೆಲದಿಂದ ಮೇಲೆ ಇಟ್ಟು ಬೂಸು ಹಿಡಿಯದಂತೆ ನೋಡಿಕೊಂಡಿದ್ದಾರೆ. ಹಳೆಯ ಚಹಾದಲ್ಲಿ ನಾವು ಕೊಳ್ಳುವುದು ಹೆಚ್ಚಾಗಿ ಆ ಕಾವಲನ್ನು. ಇಸವಿ ಎಂಬುದು ಕಾಗದದ ಮಾತು. ಅದರಲ್ಲೂ 1990ರ ದಶಕದವರೆಗೆ ಬೇರೆ ಬೇರೆ ಕಾರ್ಖಾನೆಗಳ ಬಿಲ್ಲೆಗಳಿಗೆ ಸರಕಾರಿ ಚಹಾ ಕಂಪನಿಯ ಒಂದೇ ಬಗೆಯ ಹೊದಿಕೆ ಇರುತ್ತಿತ್ತು, ತಾರೀಖು ಸಾಮಾನ್ಯವಾಗಿ ಇರುತ್ತಿರಲಿಲ್ಲ. ಕಾಗದ ಬದಲಿಸುವುದು ಸುಲಭ. ಎಲೆಯೊಳಗೇ ಒತ್ತಿ ಸೇರಿಸಿದ ಸಣ್ಣ ಚೀಟಿಯನ್ನು ಬದಲಿಸುವುದು ಕಷ್ಟ, ಆದರೆ ಆ ಚೀಟಿಯನ್ನೂ ಅಚ್ಚು ಹಾಕಿಸಬಹುದು. ಬಿಲ್ಲೆ ಎಲ್ಲಿ ಮಲಗಿತ್ತು ಎಂಬುದನ್ನು ಮಾತ್ರ ನೀರು ಹುಯ್ದರೆ ಅದೇ ಹೇಳುತ್ತದೆ.

ಅಕ್ಕನಿಗೆ ನಮ್ಮ ಮಾತಿನ ಜಾಡು ಸಿಕ್ಕಿರಬೇಕು. ಒಳಗೆ ಹೋಗಿ ಮೂರನೆಯದೊಂದು ತಂದರು. ಕಾಗದ ಹಳದಿಗಟ್ಟಿ, ಅಂಚು ಹರಿದು, ನೋಡಿದರೆ ಕೈಮುಗಿಯಬೇಕು. ಹಿಂದೊಮ್ಮೆ ಯಾರೋ ತೊಂಬತ್ತರ ದಶಕದ್ದೆಂದು ಮಾರಲು ತಂದದ್ದಂತೆ. ಬಂದವರಿಗೆ ತೋರಿಸಲೆಂದೇ ಇಟ್ಟುಕೊಂಡಿದ್ದರು. ನೀರು ಹುಯ್ದರೆ ಬಣ್ಣ ಕಡುಗಪ್ಪು, ಆದರೆ ಬೆಳಕಿಗೆ ಹಿಡಿದರೆ ಮಬ್ಬು. ನಿಜವಾಗಿ ಮಾಗಿದ ಚಹಾ ಎಷ್ಟೇ ಗಾಢವಿದ್ದರೂ ತಿಳಿಯಾಗಿರುತ್ತದೆ. ಮುಗ್ಗಲು ಐದನೆಯ ನೀರಿಗೂ ಬಿಡಲಿಲ್ಲ. ನುಂಗಿದ ಮೇಲೆ ಗಂಟಲು ಒಣಗಿ ಬಿಗಿಯಿತು. ಕೊನೆಗೆ ಎಲೆಯನ್ನು ಬಿಳಿ ತಟ್ಟೆಗೆ ಸುರಿದು ಬೆರಳಲ್ಲಿ ಒತ್ತಿ ಎಂದರು. ಮೊದಲಿನ ಎರಡರ ಎಲೆ ಬಿಡಿಸಿದರೆ ಬಿಡುತ್ತಿತ್ತು, ಎಳೆದರೆ ಬಗ್ಗುತ್ತಿತ್ತು. ಇದರದು ಮುರುಟಿಕೊಂಡು ಇದ್ದಿಲಿನ ಚೂರು. ಎಳೆಯ ಚಹಾವನ್ನು ತೇವದ ಕೋಣೆಯಲ್ಲಿ ಕೆಲವು ತಿಂಗಳು ಕೊಳೆಹಾಕಿ ಮುಪ್ಪು ಬರಿಸಿದ್ದು. ಹಾಂಗ್‌ಕಾಂಗಿನ ಹಳೆಯ ದಾಸ್ತಾನುಗಾರರೂ ತೇವ ಬಳಸುತ್ತಿದ್ದರು, ಆದರೆ ಆಮೇಲೆ ಒಣ ಕೋಣೆಗೆ ಸಾಗಿಸಿ ವರ್ಷಗಟ್ಟಲೆ ಆರಲು ಬಿಡುತ್ತಿದ್ದರು. ಅದೊಂದು ಕಸುಬು. ಇದು ಬರೀ ಅವಸರ.

ಇನ್ನೊಂದು ವಿಷಯ ನನಗೆ ಅಲ್ಲಿಯೇ ಹೊಳೆದದ್ದು. ಕುನ್ಮಿಂಗ್‌ನ ಎತ್ತರದಲ್ಲಿ ನೀರು 94 ಡಿಗ್ರಿಗೇ ಕುದಿಯುತ್ತದೆ. ಅಲ್ಲಿ ಮೆದುವಾಗಿ ಕಂಡ ಚಹಾ ಸಮುದ್ರಮಟ್ಟದ ಕುದಿನೀರಿಗೆ ಬಿದ್ದರೆ ಕಹಿಯನ್ನೂ ಒಗರನ್ನೂ ಹೆಚ್ಚು ಬಿಡುತ್ತದೆ. ಬೆಂಗಳೂರಿನಲ್ಲಿ ಕುದಿಯುವುದು 97ರ ಸುಮಾರಿಗೆ. ಅಂಗಡಿಯಲ್ಲಿ ಕುಡಿದು ಮೆಚ್ಚಿದ್ದನ್ನು ಮನೆಯಲ್ಲಿ ಕುಡಿದು ಬೈಯುವವರು ಮಾರಿದವನನ್ನು ಶಪಿಸುವ ಮುಂಚೆ ಊರಿನ ಎತ್ತರವನ್ನೂ ನೋಡುವುದು ಒಳ್ಳೆಯದು.

ಲೆಕ್ಕ ಗೆಳೆಯರದು. ಕ್ಯಾಲ್ಕುಲೇಟರ್ ತೆಗೆದೇಬಿಟ್ಟರು. 357 ಗ್ರಾಮನ್ನು ಏಳರಿಂದ ಭಾಗಿಸಿದರೆ 51 ಸಲ. ಸಾವಿರ ಯುವಾನಿನ ಬಿಲ್ಲೆಯಾದರೆ ಸಲಕ್ಕೆ ಇಪ್ಪತ್ತು ಯುವಾನ್, ನಮ್ಮ ದುಡ್ಡಲ್ಲಿ ಇನ್ನೂರ ನಲವತ್ತು ರೂಪಾಯಿ. ಹತ್ತು ನೀರು ಬಂದರೆ ಹತ್ತಿರ ಹತ್ತಿರ ಒಂದು ಲೀಟರ್ ಚಹಾ, ಮೂವರಿಗೆ ಒಂದು ಮಧ್ಯಾಹ್ನ. “ಬೆಂಗಳೂರಾಗ ಒಂದು ಕಪ್ ಕಾಫಿಗೆ ಇಷ್ಟ ತಗೋತಾರ ಸರ, ಇದೇನು ತುಟ್ಟಿ ಅಲ್ಲ ಬಿಡ್ರಿ” ಎಂದು ನನಗೇ ಸಮಾಧಾನ ಹೇಳಿದರು. ಹತ್ತು ಸಾವಿರದ್ದಾದರೆ? ಸಲಕ್ಕೆ ಎರಡು ಸಾವಿರದ ಮುನ್ನೂರು ರೂಪಾಯಿಗೂ ಮೇಲೆ. ಆಗ ಅವರು ಸುಮ್ಮನಾದರು. ನನ್ನ ಅಂದಾಜಿಗೆ ಸಾವಿರದಿಂದ ಎರಡು ಸಾವಿರ ಯುವಾನಿನವರೆಗೆ ಬೆಲೆಯ ಜೊತೆ ರುಚಿಯೂ ಏರುತ್ತದೆ. ಅಲ್ಲಿಂದಾಚೆ ಏರುವುದು ಕಥೆ. ಕಥೆಯ ಮೇಲೆ ದುಡ್ಡು ಹಾಕಿದವರಿಗೆ 2007 ನೆನಪಿರಬೇಕು. ಸಿಮಾವೊ ನಗರ ತನ್ನ ಹೆಸರನ್ನೇ ಪು-ಅರ್ ಎಂದು ಬದಲಿಸಿಕೊಂಡ ವರ್ಷ ಅದು, ಅದೇ ವರ್ಷ ಪು-ಅರ್ ಪೇಟೆ ಮಕಾಡೆ ಮಲಗಿತು.

ಇಷ್ಟೆಲ್ಲ ಲೆಕ್ಕ ಹಾಕಿದ ಗೆಳೆಯರು ಗುವಾಂಗ್‌ಝೌಗೆ ಮರಳಿದ ಮೇಲೆ ಫಾಂಗ್‌ಚುನ್‌ನಲ್ಲಿ ನನ್ನ ಕಣ್ಣೆದುರಿಗೇ ಹೆಸರುವಾಸಿ ಬಿಲ್ಲೆಗಳ ಒಂದು ಇಡೀ ಕಟ್ಟನ್ನು, ರುಚಿ ನೋಡದೆ, ಕೇಳಿದಷ್ಟು ಕೊಟ್ಟು ತೆಗೆದುಕೊಂಡರು. ನಾನು ಬಾಯಿ ಬಿಡುವ ಮೊದಲೇ ಹೇಳಿದರು: “ಕುಡಿಯಾಕಲ್ಲ ಸರ, ಕೊಡಾಕ. ಫೋಶಾನ್ ಫ್ಯಾಕ್ಟರಿ ಮಾಲಕಗ. ಅಂವಾ ಕಾಗದ ನೋಡತಾನ, ರೇಟ್ ನೋಡತಾನ, ಒಡೆಯೂದಿಲ್ಲ. ಅಂವನೂ ಮುಂದ ಯಾರಿಗೋ ಕೊಡತಾನ.” ಅವರ ವ್ಯಾಪಾರದ ಮಟ್ಟಿಗೆ ಅದು ಸರಿಯಾದ ಖರೀದಿ. ಮುಂದಿನ ಸಾಲದ ಸರಕಿಗೆ ಅದೇ ಜಾಮೀನು.

ನಾನು ಹಳೆಯದನ್ನು ಕೊಳ್ಳಲಿಲ್ಲ. ಕುನ್ಮಿಂಗ್‌ನ ಅಕ್ಕನ ಬಳಿ ಸಾಕಷ್ಟು ಕುಡಿದಾಗಿತ್ತು. ಆಕೆಯಿಂದ ತಂದದ್ದು ದಿನಬಳಕೆಗೆ ಮಾಗಿಸಿದ ಚಹಾ ಒಂದು ಕೆ.ಜಿ., ಜೊತೆಗೆ ನಾವು ಹೋದ ವರ್ಷವೇ ಒತ್ತಿದ ಎರಡು ಹಸಿ ಬಿಲ್ಲೆ, ಒಂದೇ ಕಟ್ಟಿನವು. ಬೆಂಗಳೂರಿನ ಹವೆ ಕುನ್ಮಿಂಗ್‌ನ ದಾರಿಯದೇ, ಫೆಬ್ರುವರಿ ಮಾರ್ಚಿನಲ್ಲಿ ಇನ್ನೂ ಒಣ. ಒಂದು ಬಿಲ್ಲೆ ಇಲ್ಲಿ ಪುಸ್ತಕದ ಕಪಾಟಿನಲ್ಲಿ, ಮಣ್ಣಿನ ಗಡಿಗೆಯಲ್ಲಿದೆ. ಅಡುಗೆಮನೆಯ ಒಗ್ಗರಣೆ, ದೇವರಮನೆಯ ಊದುಬತ್ತಿ ಎರಡರಿಂದಲೂ ದೂರ, ಏಕೆಂದರೆ ಚಹಾ ಸಿಕ್ಕ ವಾಸನೆಯನ್ನೆಲ್ಲ ಹೀರಿಕೊಂಡು ಬಿಡುತ್ತದೆ. ಇನ್ನೊಂದನ್ನು ಮಂಗಳೂರಿನ ಚಿಕ್ಕಮ್ಮನ ಮನೆಗೆ ಕಳಿಸಿದೆ. ಅಲ್ಲಿಯ ಮಳೆಗಾಲ ಗುವಾಂಗ್‌ಝೌವನ್ನೂ ನಾಚಿಸುವಂಥದು, ಬೂಸು ಹಿಡಿಯುವ ಅಪಾಯ ಇದ್ದೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿದ ಡಬ್ಬಿ, ಆಮೇಲೆ ಮುಚ್ಚಳ ಸಡಿಲ ಎಂದು ಬರೆದುಕೊಟ್ಟಿದ್ದೇನೆ.

ಚಿಕ್ಕಮ್ಮ ಮೊನ್ನೆ ಫೋನು ಮಾಡಿದ್ದರು. “ಅಲ್ಲ ಮಾರಾಯ, ರೇಷ್ಮೆ ಸೀರೆಗೇ ನುಸಿಗುಳಿಗೆ ಹಾಕದಿದ್ದರೆ ಹುಳ ಬರ್ತದೆ. ಇದಕ್ಕೆ ಎರಡು ಹಾಕಿಡ್ಲಾ?” ಹುಳ ತಿಂದರೂ ಪರವಾಗಿಲ್ಲ, ಗುಳಿಗೆ ಮಾತ್ರ ಬೇಡ ಎಂದು ಬೇಡಿಕೊಂಡಿದ್ದೇನೆ.